ಓಪನ್‌ಫಿಗಿ ವಿಮರ್ಶೆ: ಯಾವ ಕೋಡ್ ಕೊಟ್ಟರೂ ತಗೊಳ್ಳುತ್ತದೆ, ವಾಪಸ್ ಕೊಡುವುದು ಮಾತ್ರ ತನ್ನದನ್ನೇ

ಬ್ರೋಕರ್ ಕಳಿಸಿದ ಫೈಲಿನಲ್ಲಿ 037833100 ಎಂದಿದೆ. ಷೇರುಗಳನ್ನು ಕಾಪಿಡುವ ಕಸ್ಟೋಡಿಯನ್ ಸಂಸ್ಥೆಯ ಫೈಲಿನಲ್ಲಿ ಯುಎಸ್0378331005. ಬೆಲೆಯ ಫೀಡಿನಲ್ಲಿ ಬರೀ ಎಎಪಿಎಲ್. ಮೂರೂ ಆಪಲ್ ಕಂಪನಿಯ ಅದೇ ಷೇರು: ಮೊದಲನೆಯದು ಅಮೆರಿಕದ ಕ್ಯೂಸಿಪ್ ಕೋಡ್, ಎರಡನೆಯದು ಅಂತರರಾಷ್ಟ್ರೀಯ ಐಸಿನ್ ಕೋಡ್, ಮೂರನೆಯದು ಷೇರುಪೇಟೆಯಲ್ಲಿ ಬಳಸುವ ಚಿಕ್ಕ ಹೆಸರು, ಅಂದರೆ ಟಿಕರ್. ಈ ಮೂರನ್ನೂ ಒಂದೇ ಸಾಲಿನಲ್ಲಿ ಕೂರಿಸಲಾಗದೆ ಲೆಕ್ಕ ತಾಳೆಯಾಗದಿರುವುದು ಷೇರು, ಬಾಂಡ್ ಮಾಹಿತಿಯ ಜೊತೆ ಕೆಲಸ ಮಾಡುವವರಿಗೆಲ್ಲ ನಿತ್ಯದ ತಲೆನೋವು. ಓಪನ್‌ಫಿಗಿ ಇರುವುದು ಇದಕ್ಕೇ. ಯಾವುದಾದರೂ ಒಂದು ಕೋಡ್ ಕೊಡಿ, ಅದು ಫಿಗಿ ಎಂಬ 12 ಅಕ್ಷರದ ಕೋಡನ್ನು ಕೊಡುತ್ತದೆ. ಮೂರು ಫೈಲಿಗೂ ಒಂದೇ ಫಿಗಿ ಬಂದರೆ ಜೋಡಣೆ ಮುಗಿಯಿತು.

ಇದನ್ನು ನಡೆಸುವುದು ಹಣಕಾಸು ಮಾಹಿತಿ ಮಾರುವ ಬ್ಲೂಮ್‌ಬರ್ಗ್ ಕಂಪನಿ. ತನ್ನ ಒಳಬಳಕೆಯ ಗುರುತುಗಳನ್ನು 2009ರಲ್ಲಿ ಓಪನ್ ಸಿಂಬಾಲಜಿ ಎಂಬ ಹೆಸರಲ್ಲಿ ಹೊರಗೆ ಬಿಟ್ಟಿತು. ತಂತ್ರಜ್ಞಾನದ ಮಾನಕ ರೂಪಿಸುವ ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ 2014ರಲ್ಲಿ ಅದನ್ನು ಫಿಗಿ ಎಂಬ ಮಾನಕವಾಗಿ ಒಪ್ಪಿಕೊಂಡಿತು, 2021ರಲ್ಲಿ ಅದು ಅಮೆರಿಕದ ರಾಷ್ಟ್ರೀಯ ಮಾನಕವೂ ಆಯಿತು. ಬಳಕೆಗೆ ಶುಲ್ಕವಿಲ್ಲ, ಪಡೆದ ಫಿಗಿಯನ್ನು ನಿಮ್ಮ ಡೇಟಾಬೇಸಿನಲ್ಲಿ ಇಟ್ಟುಕೊಳ್ಳಲು, ಬೇರೆಯವರಿಗೆ ಕೊಡಲು ಅಡ್ಡಿಯಿಲ್ಲ. ಈ ಕೊನೆಯ ಮಾತು ಸಣ್ಣದಲ್ಲ. ಕ್ಯೂಸಿಪ್‌ನ ಒಡೆತನ ಅಮೆರಿಕನ್ ಬ್ಯಾಂಕರ್ಸ್ ಅಸೋಸಿಯೇಷನ್ನಿನದು, 2022ರಿಂದ ಅದನ್ನು ನಡೆಸುವುದು ಫ್ಯಾಕ್ಟ್‌ಸೆಟ್, ದೊಡ್ಡ ಪ್ರಮಾಣದಲ್ಲಿ ಬಳಸಲು ಲೈಸೆನ್ಸ್ ಬೇಕು. ಅಮೆರಿಕದ ಐಸಿನ್ ಎಂದರೆ ಮುಂದೆ ಯುಎಸ್, ನಡುವೆ ಕ್ಯೂಸಿಪ್, ಕೊನೆಗೆ ಒಂದು ಚೆಕ್ ಡಿಜಿಟ್ (ಬರೆಯುವಾಗಿನ ತಪ್ಪು ಹಿಡಿಯುವ ಅಂಕಿ). ಹಾಗಾಗಿ ಐಸಿನ್ ಬಳಸುವವರಿಗೂ ಈ ಲೈಸೆನ್ಸಿನ ಗೊಡವೆ ಪೂರ್ತಿ ತಪ್ಪಿದ್ದಲ್ಲ.

ಒಂದೆರಡು ಕೋಡ್ ನೋಡಲು ವೆಬ್‌ಸೈಟಿನ ಹುಡುಕುವ ಪೆಟ್ಟಿಗೆ ಸಾಕು. ನಿಜವಾದ ಕೆಲಸ ನಡೆಯುವುದು ಪ್ರೋಗ್ರಾಂಗಳು ನೇರವಾಗಿ ಪ್ರಶ್ನೆ ಕಳಿಸುವ ಎಪಿಐಯಲ್ಲಿ, ಅದರ ವಿನ್ಯಾಸ ಹೊಗಳುವಷ್ಟು ಸರಳ. ಮೂರನೇ ಆವೃತ್ತಿಯ ಮ್ಯಾಪಿಂಗ್ ವಿಳಾಸಕ್ಕೆ ಒಂದು ಜೇಸನ್ ಪಟ್ಟಿಯನ್ನು ಪೋಸ್ಟ್ ಮಾಡಬೇಕು. ಪಟ್ಟಿಯ ಪ್ರತಿ ತುಣುಕನ್ನು ಜಾಬ್ ಎನ್ನುತ್ತಾರೆ. ಅದರಲ್ಲಿ ಎರಡೇ ಕಡ್ಡಾಯ ಫೀಲ್ಡ್: ಕೋಡಿನ ಜಾತಿ ಹೇಳುವ ಐಡಿ ಟೈಪ್, ಕೋಡ್ ಹೇಳುವ ಐಡಿ ವ್ಯಾಲ್ಯೂ. ಐಸಿನ್, ಕ್ಯೂಸಿಪ್, ಬ್ರಿಟನ್ನಿನ ಸೆಡಾಲ್, ಟಿಕರ್, ಹೀಗೆ ಜಾತಿ ಹತ್ತಾರಿವೆ. ಕೀ (ಬಳಕೆದಾರರನ್ನು ಗುರುತಿಸುವ ಗುಪ್ತಪದ) ಇಲ್ಲದೆಯೂ ನಿಮಿಷಕ್ಕೆ 25 ರಿಕ್ವೆಸ್ಟ್ ಕಳಿಸಬಹುದು, ಆದರೆ ಒಂದೊಂದರಲ್ಲಿ ಕೂರುವ ಜಾಬ್ ಕಡಿಮೆ. ಖಾತೆ ತೆರೆದು ಉಚಿತ ಕೀ ತಗೊಂಡರೆ 6 ಸೆಕೆಂಡಿಗೆ 25 ರಿಕ್ವೆಸ್ಟ್, ಒಂದೊಂದರಲ್ಲಿ 100 ಜಾಬ್. ಗುಣಿಸಿದರೆ ನಿಮಿಷಕ್ಕೆ 25,000 ಕೋಡ್. ಹತ್ತು ಸಾವಿರ ಸಾಲಿನ ಪೋರ್ಟ್‌ಫೋಲಿಯೋ ಅರ್ಧ ನಿಮಿಷದ ಮಾತು. ಐದು ನಿಮಿಷದ ನೋಂದಣಿಗೆ ಸೋಮಾರಿತನ ಮಾಡಿ ಕೀ ಇಲ್ಲದೆ ಒದ್ದಾಡುವವರನ್ನು ಕಂಡರೆ ಅಯ್ಯೋ ಎನಿಸುತ್ತದೆ.

ಮಿತಿ ಮೀರಿದರೆ 429 ಎಂಬ ದೋಷಸಂಖ್ಯೆ ಬರುತ್ತದೆ, ಒಂದೇ ರಿಕ್ವೆಸ್ಟಿಗೆ ಜಾಬ್ ಹೆಚ್ಚಾದರೆ 413, ಕೀ ತಪ್ಪಾದರೆ 401. ಉತ್ತರದ ಹೆಡರ್‌ಗಳಲ್ಲಿ ಇನ್ನೆಷ್ಟು ರಿಕ್ವೆಸ್ಟ್ ಬಾಕಿ, ಲೆಕ್ಕ ಯಾವಾಗ ಮತ್ತೆ ಶುರುವಾಗುತ್ತದೆ ಎಂದು ಇರುತ್ತದೆ. ಪ್ರೋಗ್ರಾಮಿಗೆ ಕಣ್ಣಳತೆಯ ಬಿಡುವು (ಸ್ಲೀಪ್) ಹಾಕುವ ಬದಲು ಅದನ್ನೇ ಓದಿ ಕಾಯುವುದು ವಾಸಿ.

ಉತ್ತರವೂ ಒಂದು ಪಟ್ಟಿಯೇ. ಎಡವುವ ಮೊದಲ ಜಾಗ ಇದು: ನೀವು ಕಳಿಸಿದ ಐಸಿನ್ ಉತ್ತರದಲ್ಲಿ ಇರುವುದಿಲ್ಲ. ಫಿಗಿ, ಹೆಸರು, ಟಿಕರ್, ಎಕ್ಸ್‌ಚೇಂಜ್ ಕೋಡ್, ಸೆಕ್ಯುರಿಟಿಯ ಬಗೆ, ಕಾಂಪೊಸಿಟ್ ಫಿಗಿ, ಷೇರ್ ಕ್ಲಾಸ್ ಫಿಗಿ, ಇಷ್ಟು ಸಿಗುತ್ತವೆ. ಯಾವ ಉತ್ತರ ಯಾವ ಕೋಡಿನದು ಎಂದು ಹೇಳುವುದು ಕ್ರಮ ಮಾತ್ರ. ಏಳನೇ ಜಾಬಿಗೆ ಏಳನೇ ಉತ್ತರ. ಸಿಗದ ಕೋಡಿಗೂ ಒಂದು ಜಾಗ ಇದ್ದೇ ಇರುತ್ತದೆ, ಅದರಲ್ಲಿ ಡೇಟಾ ಬದಲು ವಾರ್ನಿಂಗ್ ಇರುತ್ತದೆ. ಉತ್ತರ ಬಂದ ಕೂಡಲೇ ಖಾಲಿಯವನ್ನು ಸೋಸಿ ಆಮೇಲೆ ಜೋಡಿಸಿದಿರೋ, ಮೊದಲ ಖಾಲಿ ಜಾಗದಿಂದ ಮುಂದಿನ ಎಲ್ಲ ಸಾಲೂ ಒಂದೊಂದು ಮನೆ ಜಾರಿ ಕೂರುತ್ತವೆ. ಮೊದಲು ಜೋಡಿಸಿ, ಆಮೇಲೆ ಸೋಸಿ. ಇನ್ನೊಂದು: ಎರಡನೇ ಆವೃತ್ತಿಯಲ್ಲಿ ಸಿಗದ ಕೋಡಿಗೆ ಎರರ್ ಎಂಬ ಫೀಲ್ಡ್ ಬರುತ್ತಿತ್ತು. ಹಳೆಯ ಸ್ಕ್ರಿಪ್ಟಿನ ವಿಳಾಸವನ್ನಷ್ಟೇ ಮೂರಕ್ಕೆ ಬದಲಿಸಿದವರ ಪ್ರೋಗ್ರಾಂ ಎರರ್ ಹುಡುಕುತ್ತ ಕೂರುತ್ತದೆ, ವಾರ್ನಿಂಗ್ ಕಣ್ಣಿಗೇ ಬೀಳುವುದಿಲ್ಲ.

ಐಸಿನ್ ವಾಪಸ್ ಕೊಡದಿರುವುದು ಈ ಸೇವೆಯ ಸ್ವಭಾವವೇ. ಟಿಕರ್ ಕೊಟ್ಟು ಐಸಿನ್ ಪಡೆಯೋಣ, ಕ್ಯೂಸಿಪ್ ಕೊಟ್ಟು ಸೆಡಾಲ್ ಪಡೆಯೋಣ ಎಂದು ಬಂದವರಿಗೆ ಇಲ್ಲಿ ಏನೂ ಸಿಗುವುದಿಲ್ಲ. ಅವು ಬೇರೆಯವರ ಲೈಸೆನ್ಸಿನ ಸ್ವತ್ತು. ಇದೇ ಕಾರಣಕ್ಕೆ ಓಪನ್‌ಫಿಗಿಯನ್ನು ನಿಘಂಟು ಎಂದು ತಿಳಿಯಬಾರದು. ಎರಡು ಕಡೆಯ ಕೋಡನ್ನೂ ಫಿಗಿಗೆ ತಂದು ಅಲ್ಲಿ ಸೇರಿಸುವ ನಡುವಿನ ಕೊಂಡಿ ಅದು. ಹಾಗೆ ಬಳಸಿದರೆ ಇದಕ್ಕೆ ಸಾಟಿಯಿಲ್ಲ.

ಇನ್ನು ಈ ಸೇವೆಯ ಜೀವಾಳಕ್ಕೆ ಬರೋಣ. ಫಿಗಿ ಒಂದೇ ಕೋಡಲ್ಲ, ಷೇರಿನ ಮಟ್ಟಿಗೆ ಅದಕ್ಕೆ ಮೂರು ಅಂತಸ್ತು. ಆಪಲ್ ಷೇರನ್ನೇ ತಗೊಳ್ಳಿ. ಬಿಬಿಜಿ001ಎಸ್5ಎನ್8ವಿ8 ಎಂಬುದು ಷೇರ್ ಕ್ಲಾಸ್ ಫಿಗಿ: ಜಗತ್ತಿನ ಯಾವ ಮೂಲೆಯಲ್ಲಿ ಮಾರಾಟವಾದರೂ ಆಪಲಿನ ಸಾಮಾನ್ಯ ಷೇರಿಗೆ ಇದೊಂದೇ. ಬಿಬಿಜಿ000ಬಿ9ಎಕ್ಸ್‌ಆರ್‌ವೈ4 ಕಾಂಪೊಸಿಟ್ ಫಿಗಿ: ಅಮೆರಿಕದ ಎಲ್ಲ ಎಕ್ಸ್‌ಚೇಂಜ್ ಸೇರಿಸಿ ಒಂದು. ಬಿಬಿಜಿ000ಬಿ9ವೈ5ಎಕ್ಸ್2 ನ್ಯಾಸ್‌ಡ್ಯಾಕಿನಲ್ಲಿ ನಡೆಯುವ ವಹಿವಾಟಿಗೆ ಮಾತ್ರ. ಐಸಿನ್‌ಗೆ ಈ ಭೇದವೇ ಗೊತ್ತಿಲ್ಲ, ಅದು ಮೇಲಿನಿಂದ ಕೆಳಗಿನವರೆಗೂ ಒಂದೇ. ಅದಕ್ಕೇ ಆಪಲಿನ ಐಸಿನ್ ಒಂದನ್ನು ಯಾವ ಸೋಸುವಿಕೆಯೂ ಇಲ್ಲದೆ ಕಳಿಸಿದರೆ ಸಾಲುಗಳ ರಾಶಿಯೇ ಬಂದು ಬೀಳುತ್ತದೆ, ಒಂದೊಂದು ಮಾರುಕಟ್ಟೆಗೆ ಒಂದೊಂದು. ಬಹಳ ಜನ ಇಲ್ಲಿ ಮೊದಲ ಸಾಲನ್ನು ಎತ್ತಿಕೊಂಡು ಮುಂದೆ ಹೋಗುತ್ತಾರೆ. ಅದು ನಿಮಗೆ ಬೇಕಾದ ಮಾರುಕಟ್ಟೆಯ ಸಾಲೇ ಎಂಬ ಭರವಸೆಯಿಲ್ಲ.

ಯಾವ ಅಂತಸ್ತು ಯಾವುದಕ್ಕೆ? ಒಂದು ಕಂಪನಿಯಲ್ಲಿ ಒಟ್ಟು ಎಷ್ಟು ಹೂಡಿಕೆಯಿದೆ ಎಂಬ ಲೆಕ್ಕಕ್ಕೆ ಷೇರ್ ಕ್ಲಾಸ್. ದಿನದ ಮುಕ್ತಾಯದ ಬೆಲೆ ಕಟ್ಟಲು ಕಾಂಪೊಸಿಟ್. ಆರ್ಡರ್ ಯಾವ ಎಕ್ಸ್‌ಚೇಂಜಿನಲ್ಲಿ ಪೂರ್ತಿಯಾಯಿತು ಎಂಬ ವಿಷಯಕ್ಕೆ ಕೆಳಗಿನದು. ಮೂರಕ್ಕೂ ಪ್ರತ್ಯೇಕ ಕಾಲಂ ಇಡಿ. ಒಂದೇ ‘ಫಿಗಿ’ ಕಾಲಂ ಮಾಡಿ ಅದರಲ್ಲಿ ಮೂರು ಬಗೆಯನ್ನೂ ತುಂಬಿದರೆ ಐಸಿನ್, ಕ್ಯೂಸಿಪ್ ಬೆರಕೆ ಮಾಡಿದಾಗಿನ ಅವಾಂತರವೇ ಮರುಕಳಿಸುತ್ತದೆ. ಈಗ ಎಲ್ಲವೂ ಬಿಬಿಜಿ ಎಂದೇ ಶುರುವಾಗುವುದರಿಂದ ಕಂಡುಹಿಡಿಯುವುದು ಇನ್ನೂ ಕಷ್ಟ. ಜೊತೆಗೆ, ಬಾಂಡುಗಳಿಗೆ ಕಾಂಪೊಸಿಟ್ಟೂ ಇರುವುದಿಲ್ಲ, ಷೇರ್ ಕ್ಲಾಸೂ ಇರುವುದಿಲ್ಲ, ಎರಡೂ ನಲ್, ಅಂದರೆ ಖಾಲಿ. ಕಾಂಪೊಸಿಟ್ ಮೇಲೆ ಜಾಯಿನ್ (ಎರಡು ಪಟ್ಟಿಗಳನ್ನು ಸೇರಿಸುವ ಆದೇಶ) ಬರೆದರೆ ಪೋರ್ಟ್‌ಫೋಲಿಯೋದ ಬಾಂಡೆಲ್ಲ ಸದ್ದಿಲ್ಲದೆ ಮಾಯ.

ಎಕ್ಸ್‌ಚೇಂಜ್ ಹೇಳಿದರೆ ಸಾಲದ ಸಂದರ್ಭವೂ ಉಂಟು. ಎಸ್&ಪಿ 500 ಅನುಸರಿಸುವ ಐಶೇರ್ಸ್‌ನ ಒಂದು ಇಟಿಎಫ್ (ಷೇರಿನಂತೆ ಮಾರಾಟವಾಗುವ ನಿಧಿ), ಅದರ ಐಸಿನ್ ಐಇ00ಬಿ5ಬಿಎಂಆರ್087. ಲಂಡನ್ನಿನಲ್ಲೇ ಅದು ಎರಡು ಹೆಸರಲ್ಲಿ ನಡೆಯುತ್ತದೆ: ಸಿಎಸ್‌ಪಿಎಕ್ಸ್ ಡಾಲರಿನಲ್ಲಿ, ಸಿಎಸ್‌ಪಿ1 ಪೆನ್ಸಿನಲ್ಲಿ. ಎಕ್ಸ್‌ಚೇಂಜ್ ಕೋಡ್ ಎಲ್‌ಎನ್ ಎಂದು ಕೊಟ್ಟರೂ ಎರಡು ಸಾಲು. ಕರೆನ್ಸಿಯನ್ನೂ ಕೊಟ್ಟಾಗಲೇ ಒಂದಕ್ಕೆ ಇಳಿಯುವುದು. ತಪ್ಪು ಸಾಲು ಹಿಡಿದರೆ ಪೆನ್ಸಿನ ಬೆಲೆಯನ್ನು ಡಾಲರ್ ಎಂದು ಓದಿ ಹಿಡುವಳಿಯ ಮೌಲ್ಯ ಆಕಾಶಕ್ಕೇರುತ್ತದೆ. ಬರೀ ಐಸಿನ್ ನಂಬಿದ ವ್ಯವಸ್ಥೆಗೆ ಈ ಎರಡರ ನಡುವಿನ ವ್ಯತ್ಯಾಸ ತಿಳಿಯುವ ದಾರಿಯೇ ಇಲ್ಲ. ಸೆಡಾಲ್‌ಗೆ ಗೊತ್ತಾಗುತ್ತದೆ, ಫಿಗಿಗೂ ಗೊತ್ತಾಗುತ್ತದೆ.

ಎಕ್ಸ್‌ಚೇಂಜ್ ಕೋಡುಗಳ ವಿಷಯದಲ್ಲಿ ಮಾತ್ರ ಒಂದು ದೂರಿದೆ. ಅವು ಬ್ಲೂಮ್‌ಬರ್ಗಿನ ಸ್ವಂತ ಎರಡಕ್ಷರದ ಕೋಡ್: ಅಮೆರಿಕದ ಕಾಂಪೊಸಿಟ್ ಯುಎಸ್, ನ್ಯೂಯಾರ್ಕ್ ಸ್ಟಾಕ್ ಎಕ್ಸ್‌ಚೇಂಜ್ ಯುಎನ್, ಜರ್ಮನಿಯ ಕ್ಸೆಟ್ರಾ ಮಾರುಕಟ್ಟೆ ಜಿವೈ. ಐಎಸ್‌ಒ 10383ರ ಮಾರುಕಟ್ಟೆಗಳನ್ನು ಗುರುತಿಸುವ ನಾಲ್ಕಕ್ಷರದ ಮಿಕ್ ಕೋಡನ್ನು ಪ್ರಶ್ನೆಯಲ್ಲಿ ಕೊಡಬಹುದು (ಆದರೆ ಎರಡನ್ನೂ ಒಟ್ಟಿಗೆ ಕೊಡುವಂತಿಲ್ಲ), ಉತ್ತರದಲ್ಲಿ ಬರುವುದು ಮಾತ್ರ ಬ್ಲೂಮ್‌ಬರ್ಗಿನದೇ. ಮುಕ್ತ ಮಾನಕ ಎಂದು ಹೇಳಿಕೊಳ್ಳುವ ಸೇವೆಗೆ ಇದು ಶೋಭೆಯಲ್ಲ. ಎರಡರ ನಡುವಿನ ಪಟ್ಟಿಯನ್ನು ನೀವೇ ಕಟ್ಟಿಕೊಳ್ಳಬೇಕು.

ಟಿಕರ್ ಕೊಟ್ಟು ಹುಡುಕುವುದು ಕೊನೆಯ ಆಯ್ಕೆಯಾಗಿರಲಿ. 2021ರ ಜೂನ್ ಕೊನೆಯಿಂದ 2022ರ ಜನವರಿವರೆಗೆ ಮೆಟಾ ಎಂಬ ಟಿಕರ್ ರೌಂಡ್‌ಹಿಲ್‌ನ ಒಂದು ಇಟಿಎಫಿನದಾಗಿತ್ತು. 2022ರ ಜೂನ್ 9ರಿಂದ ಅದು ಹಿಂದಿನ ಫೇಸ್‌ಬುಕ್ ಕಂಪನಿಯದು. ಆ ಕಂಪನಿಯ ಐಸಿನ್ ಮಾತ್ರ ಬದಲಾಗಲಿಲ್ಲ, ಯುಎಸ್30303ಎಂ1027 ಹಾಗೇ ಉಳಿಯಿತು. ಗೂಗಲ್ 2015ರಲ್ಲಿ ಆಲ್ಫಬೆಟ್ ಆದಾಗ ನಡೆದದ್ದು ಇದರ ತದ್ವಿರುದ್ಧ: ಟಿಕರ್ ಹಾಗೇ ಉಳಿದು, ಸಿ ವರ್ಗದ ಷೇರಿನ ಐಸಿನ್ ಯುಎಸ್38259ಪಿ7069 ಹೋಗಿ ಯುಎಸ್02079ಕೆ1079 ಬಂತು. ಜನರಲ್ ಎಲೆಕ್ಟ್ರಿಕ್ 2021ರಲ್ಲಿ ಎಂಟು ಷೇರನ್ನು ಒಂದು ಮಾಡಿದಾಗಲೂ ಕ್ಯೂಸಿಪ್ 369604103ರಿಂದ 369604301ಕ್ಕೆ ಬದಲಾಯಿತು. ಟಿಕರ್ ನಂಬಿದವರು ಒಂದು ಕಡೆ ಬೀಳುತ್ತಾರೆ, ಐಸಿನ್ ನಂಬಿದವರು ಇನ್ನೊಂದು ಕಡೆ. ಬರೀ ಹೆಸರೋ ಟಿಕರೋ ಬದಲಾದರೆ ಫಿಗಿ ಬದಲಾಗುವುದಿಲ್ಲ (ಆಲ್ಫಬೆಟ್ ಹಾಗೆ ಹೊಸ ಮಾತೃಸಂಸ್ಥೆಯ ಷೇರು ಬಂದರೆ ಮಾತ್ರ ಹೊಸ ಫಿಗಿ), ಒಮ್ಮೆ ಕೊಟ್ಟ ಫಿಗಿಯನ್ನು ಇನ್ನೊಂದಕ್ಕೆ ಮರುಬಳಸುವುದೂ ಇಲ್ಲ. ಆದರೆ ಎಪಿಐಗೆ ‘ಇಂಥ ದಿನಾಂಕದಂದು’ ಎಂದು ಕೇಳುವ ಸೌಲಭ್ಯವಿಲ್ಲ. ಹತ್ತು ವರ್ಷ ಹಿಂದಿನ ಟಿಕರ್ ಪಟ್ಟಿಯನ್ನು ಇವತ್ತು ಕಳಿಸಿದರೆ ಇವತ್ತಿನ ಅರ್ಥವೇ ಬರುತ್ತದೆ. ಹಾಗಾಗಿ ಕೋಡ್ ಸಿಕ್ಕ ದಿನವೇ ಫಿಗಿ ಪಡೆದು, ದಿನಾಂಕದ ಸಮೇತ ಬರೆದಿಡುವುದೊಂದೇ ದಾರಿ.

ಕಳಿಸುವ ಮುಂಚೆ ಕೋಡುಗಳನ್ನು ತೊಳೆಯುವ ಕೆಲಸ ನಿಮ್ಮದು. ‘ಸಿಗಲಿಲ್ಲ’ ಎಂದು ಬರುವುದರಲ್ಲಿ ಓಪನ್‌ಫಿಗಿಯ ತಪ್ಪಿಗಿಂತ ಎಕ್ಸೆಲ್ಲಿನ ಕೈವಾಡ ಜಾಸ್ತಿ. ಆಪಲಿನ ಕ್ಯೂಸಿಪ್ ತೆರೆದು ಉಳಿಸಿದರೆ ಸಾಕು, ಮುಂದಿನ ಸೊನ್ನೆ ಹೋಗಿ 37833100 ಆಗುತ್ತದೆ. ಬಿಎಇ ಸಿಸ್ಟಮ್ಸ್‌ನ ಸೆಡಾಲ್ 0263494 ಕೂಡ ಹಾಗೇ ಸವೆಯುತ್ತದೆ. ಇದು ಬೇಗ ಗೊತ್ತಾಗುತ್ತದೆ: ಕ್ಯೂಸಿಪ್‌ಗೆ 9, ಸೆಡಾಲ್‌ಗೆ 7 ಅಕ್ಷರ ಬರುವಂತೆ ಎಡಗಡೆ ಸೊನ್ನೆ ತುಂಬಿದರೆ ಸರಿಹೋಗುತ್ತದೆ. ಕೆಟ್ಟದ್ದು ‘ಇ’ ಅಕ್ಷರ. ಐದು ಅಂಕಿ, ಆಮೇಲೆ ಇ, ಆಮೇಲೆ 10 ಎಂದು ಶುರುವಾಗುವ ಮೂರು ಅಂಕಿ ಇರುವ ಕ್ಯೂಸಿಪ್ ಅನ್ನು ಎಕ್ಸೆಲ್ ಘಾತಾಂಕದ ಸಂಖ್ಯೆ ಎಂದು ಓದಿ ಹಾಳು ಮಾಡುತ್ತದೆ. ತಮಾಷೆಯೆಂದರೆ 46138ಇ354 ಪಾರಾಗುತ್ತದೆ. ಅಷ್ಟು ದೊಡ್ಡ ಸಂಖ್ಯೆಯನ್ನು ಎಕ್ಸೆಲ್ ಹಿಡಿಯಲಾರದ್ದರಿಂದ ಅಕ್ಷರವಾಗಿಯೇ ಬಿಡುತ್ತದೆ. ಒಂದೇ ಕಾಲಮಿನಲ್ಲಿ ಕೆಲವು ಕೆಟ್ಟು ಕೆಲವು ಉಳಿಯುವುದಕ್ಕೆ ಇದೇ ಕಾರಣ. ಇಂಪೋರ್ಟ್ ಮಾಡುವಾಗಲೇ ಕಾಲಮನ್ನು ಟೆಕ್ಸ್ಟ್ ಎಂದು ಘೋಷಿಸುವುದನ್ನು ಬಿಟ್ಟರೆ ಬೇರೆ ಮದ್ದಿಲ್ಲ.

ಚೆಕ್ ಡಿಜಿಟ್ ಪರೀಕ್ಷೆಯನ್ನೂ ಮನೆಯಲ್ಲೇ ಮಾಡಿ, ಸುಮ್ಮನೆ ಕೋಟಾ ಖರ್ಚಾಗುವುದಿಲ್ಲ. ಐಸಿನ್ ವಿಧಾನ ಹೀಗೆ: ಅಕ್ಷರವನ್ನು ಎ ಗೆ 10, ಝಡ್‌ಗೆ 35 ಎಂಬ ಲೆಕ್ಕದಲ್ಲಿ ಅಂಕಿಯಾಗಿ ಬಿಡಿಸಬೇಕು. ಯುಎಸ್037833100 ಬಿಡಿಸಿದರೆ 3028037833100. ಬಲದಿಂದ ಶುರುಮಾಡಿ ಒಂದು ಬಿಟ್ಟು ಒಂದನ್ನು ಇಮ್ಮಡಿ ಮಾಡಿ, ಎರಡಂಕಿ ಬಂದರೆ ಅವನ್ನು ಕೂಡಿಸಿ, ಎಲ್ಲ ಸೇರಿಸಿದರೆ 45. ಮುಂದಿನ ಹತ್ತರ ಗುಣಕ 50, ವ್ಯತ್ಯಾಸ 5. ಐಸಿನ್ನಿನ ಕೊನೆಯ ಅಂಕಿ ಅದೇ.

ಫಿಗಿಯೂ 12 ಅಕ್ಷರ, ಕೊನೆಯದು ಚೆಕ್ ಡಿಜಿಟ್. ಹಾಗೆಂದು ಐಸಿನ್ ಫಂಕ್ಷನ್ನನ್ನೇ ಅದಕ್ಕೂ ಓಡಿಸಿದರೆ ಸರಿಯಾದ ಫಿಗಿಗಳು ತಿರಸ್ಕೃತವಾಗುತ್ತವೆ. ಫಿಗಿಯಲ್ಲಿ ಅಕ್ಷರವನ್ನು ಬಿಡಿಸುವುದಿಲ್ಲ, ಇಡಿಯಾಗಿ ಇಮ್ಮಡಿ ಮಾಡುತ್ತಾರೆ. ಬಿಬಿಜಿ000ಬಿ9ಎಕ್ಸ್‌ಆರ್‌ವೈ ತಗೊಳ್ಳಿ: 11, 11, 16, 0, 0, 0, 11, 9, 33, 27, 34. ಎಡದಿಂದ ಎರಡನೆಯದು, ನಾಲ್ಕನೆಯದು, ಹೀಗೆ ಸಮಸ್ಥಾನಗಳನ್ನು ಇಮ್ಮಡಿಸಿದರೆ 11, 22, 16, 0, 0, 0, 11, 18, 33, 54, 34. ಅಂಕಿಗಳನ್ನೆಲ್ಲ ಕೂಡಿಸಿದರೆ 46, ಆದ್ದರಿಂದ ಚೆಕ್ ಡಿಜಿಟ್ 4. ಐಸಿನ್ ವಿಧಾನದಲ್ಲಿ ಮಾಡಿದ್ದರೆ ಮೊತ್ತ 49, ಡಿಜಿಟ್ 1 ಬರುತ್ತಿತ್ತು. ಕ್ಯೂಸಿಪ್ ಲೆಕ್ಕವೂ ಫಿಗಿಯ ಹಾಗೇ ಇರುವುದರಿಂದ, ಆ ಫಂಕ್ಷನ್ ನಿಮ್ಮ ಬಳಿ ಇದ್ದರೆ ಅದನ್ನೇ 11 ಅಕ್ಷರಕ್ಕೆ ಹಿಗ್ಗಿಸಬಹುದು.

ಈ ವ್ಯತ್ಯಾಸಕ್ಕೆ ಒಂದು ಬೆಲೆಯೂ ಇದೆ. ಐಸಿನ್ನಿನಲ್ಲಿ ಪ್ರತಿ ಅಕ್ಷರ ಎರಡಂಕಿಯಾಗುವುದರಿಂದ ಅಕ್ಕಪಕ್ಕದ ಎರಡು ಅಕ್ಷರಗಳು ಅದಲು ಬದಲಾದರೂ ಮೊತ್ತ ಅಲ್ಲಾಡುವುದಿಲ್ಲ. ಎಯು0000ಎಕ್ಸ್‌ವಿಜಿಝಡ್‌ಎ3 ಎಂಬಲ್ಲಿ ಎಕ್ಸ್‌ವಿ ಬದಲು ವಿಎಕ್ಸ್ ಎಂದು ಬರೆದರೂ ಪರೀಕ್ಷೆ ಪಾಸ್. ಫಿಗಿಯಲ್ಲಿ ಇಂಥ ಅದಲುಬದಲು ಸಾಮಾನ್ಯವಾಗಿ ಸಿಕ್ಕಿಬೀಳುತ್ತದೆ. ಜೊತೆಗೆ ಅದರಲ್ಲಿ ಸ್ವರಾಕ್ಷರಗಳೇ ಇಲ್ಲ, ಆದ್ದರಿಂದ ಓ ಮತ್ತು ಸೊನ್ನೆ, ಐ ಮತ್ತು ಒಂದು ಎಂಬ ಗೊಂದಲ ಹುಟ್ಟುವುದಿಲ್ಲ. ಮೂರನೇ ಅಕ್ಷರ ಯಾವಾಗಲೂ ಜಿ. ಮೊದಲೆರಡು ಅಕ್ಷರಕ್ಕೆ ಬಿಎಸ್, ಬಿಎಂ, ಜಿಬಿ, ಕೆವೈ ಮುಂತಾದ ಜೋಡಿಗಳನ್ನು ನಿಷೇಧಿಸಿದ್ದಾರೆ, ದೇಶದ ಕೋಡಿನಿಂದ ಶುರುವಾಗುವ ಐಸಿನ್ ಜೊತೆ ಎಂದೂ ಡಿಕ್ಕಿಯಾಗಬಾರದೆಂದು. ಬಿಬಿಜಿ ಬಿಟ್ಟು ಬೇರೆ ಮುನ್ನುಡಿಯೂ ಸಾಧ್ಯ: ಕ್ರಿಪ್ಟೊ ಸ್ವತ್ತುಗಳಿಗೆ ಕೈಕೊ ಸಂಸ್ಥೆ ಕೊಡುವ ಫಿಗಿಗಳು ಕೆಕೆಜಿ ಎಂದು ಶುರುವಾಗುತ್ತವೆ. ಮೊದಲ ಮೂರಕ್ಷರ ಬಿಬಿಜಿ ಇದೆಯೇ ಎಂದು ನೋಡಿ ‘ಇದು ಫಿಗಿ’ ಎಂದು ತೀರ್ಮಾನಿಸುವ ಪ್ರೋಗ್ರಾಂ ಅಲ್ಲಿ ಮುಗ್ಗರಿಸುತ್ತದೆ.

ಆಪ್ಷನ್‌ಗಳಿಗೆ, ಅಂದರೆ ನಿಗದಿತ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕಿನ ಒಪ್ಪಂದಗಳಿಗೆ ಬಂದರೆ ಸ್ವಲ್ಪ ಸಹನೆ ಬೇಕು. ಬೇಸ್ ಟಿಕರ್ (ಮೂಲ ಷೇರಿನ ಟಿಕರ್) ಕೊಟ್ಟು ಹುಡುಕುವಾಗ ಸೆಕ್ಯುರಿಟಿ ಟೈಪ್ 2 ಎಂಬ ಫೀಲ್ಡ್ ಕಡ್ಡಾಯ. ಅದು ಆಪ್ಷನ್ ಅಥವಾ ವಾರಂಟ್ ಆದರೆ ಮುಕ್ತಾಯ ದಿನಾಂಕದ ವ್ಯಾಪ್ತಿಯೂ ಕಡ್ಡಾಯ, ಆ ವ್ಯಾಪ್ತಿ ಒಂದು ವರ್ಷ ಮೀರುವಂತಿಲ್ಲ. ಅಮೆರಿಕದ ಆಪ್ಷನ್ನಿಗೆ ಅಲ್ಲಿನ ಆಪ್ಷನ್ ತೀರುವೆ ಸಂಸ್ಥೆ ಒಸಿಸಿಯ 21 ಅಕ್ಷರದ ಸಿಂಬಲ್ ಇದ್ದರೆ ನೇರ ದಾರಿ: ಮೊದಲ 6 ಜಾಗ ಟಿಕರಿಗೆ, 6 ದಿನಾಂಕಕ್ಕೆ, ಒಂದು ಕೊಳ್ಳುವ ಹಕ್ಕಾದ ಕಾಲ್ ಅಥವಾ ಮಾರುವ ಹಕ್ಕಾದ ಪುಟ್‌ಗೆ, ಉಳಿದ 8 ನಿಗದಿತ ಬೆಲೆಗೆ, ಅಂದರೆ ಸ್ಟ್ರೈಕ್‌ಗೆ. 150 ಡಾಲರ್ ಎಂದರೆ 00150000. ಟಿಕರ್ ನಾಲ್ಕೇ ಅಕ್ಷರವಾದರೆ ಮಿಕ್ಕ ಎರಡು ಜಾಗ ಖಾಲಿ ಇರಬೇಕು. ಆ ಖಾಲಿ ಜಾಗವನ್ನು ಯಾವುದೋ ಟ್ರಿಮ್ ಫಂಕ್ಷನ್ ನುಂಗಿದರೆ ಕೋಡ್ ಸತ್ತಂತೆ.

ಯುಎಸ್ ಐಸಿನ್ನಿನ ಮುಂದಿನ ಎರಡು, ಕೊನೆಯ ಒಂದು ಅಕ್ಷರ ಕತ್ತರಿಸಿದರೆ ಕ್ಯೂಸಿಪ್ ಸಿಗುತ್ತದೆ, ಕೆನಡಾದ್ದಕ್ಕೂ ಹಾಗೇ. ಕೆವೈಜಿ875721634 ಎಂಬ ಟೆನ್ಸೆಂಟ್ ಐಸಿನ್ ಕತ್ತರಿಸಿದರೆ ಸಿಗುವ ಜಿ87572163 ಮಾತ್ರ ಸಿನ್ಸ್ ಕೋಡ್ (ಅಮೆರಿಕ, ಕೆನಡಾದ ಹೊರಗಿನವಕ್ಕೆ ಕೊಡುವ ಕ್ಯೂಸಿಪ್ ಮಾದರಿಯ ಕೋಡ್), ಓಪನ್‌ಫಿಗಿಯಲ್ಲಿ ಅದಕ್ಕೆ ಬೇರೆ ಐಡಿ ಟೈಪ್ ಇದೆ. ಕ್ಯೂಸಿಪ್ ಎಂದು ಕಳಿಸಿ ‘ಸಿಗಲಿಲ್ಲ’ ಎಂದು ಗೊಣಗಬೇಡಿ. ಐಸಿನ್ ಇದ್ದರೆ ಕತ್ತರಿಸುವ ಉಸಾಬರಿಯೇ ಬೇಡ, ಹಾಗೇ ಕಳಿಸಿ.

ಯಾರಿಗೆ ಇದು ಸಾಲದು? ಷೇರು ಹೊರಡಿಸಿದ ಕಂಪನಿ ಯಾವುದು, ಅದರ ಒಡೆಯ ಯಾರು ಎಂದು ಬೇಕಾದವರಿಗೆ. ಅದು ಸಂಸ್ಥೆಯನ್ನು ಗುರುತಿಸುವ 20 ಅಕ್ಷರದ ಎಲ್‌ಇಐ ಕೆಲಸ. ಐಸಿನ್ ಮತ್ತು ಎಲ್‌ಇಐ ಜೋಡಿಯ ಫೈಲನ್ನು ಆ ಗುರುತುಗಳನ್ನು ನೋಡಿಕೊಳ್ಳುವ ಗ್ಲೈಫ್ ಸಂಸ್ಥೆ 2019ರಿಂದ ಉಚಿತವಾಗಿ ಕೊಡುತ್ತಿದೆ. ಬಾಂಡಿನ ಕೂಪನ್ ವೇಳಾಪಟ್ಟಿ, ಡಿವಿಡೆಂಡ್, ಬೆಲೆ ಬೇಕಾದವರಿಗೂ ಇಲ್ಲೇನಿಲ್ಲ, ಅದೆಲ್ಲ ಬ್ಲೂಮ್‌ಬರ್ಗ್ ಮಾರುವ ಸರಕು. ನಿಯಂತ್ರಕರಿಗೆ ಕೊಡುವ ವರದಿಯಲ್ಲಿ ಐಸಿನ್ ಎಂದು ಬರೆದಿದ್ದರೆ ಫಿಗಿ ಬರೆದು ತಪ್ಪಿಸಿಕೊಳ್ಳುವಂತಿಲ್ಲ.

ಐದಕ್ಕೆ ನಾಲ್ಕು ಅಂಕ. ಕಡಿತವಾದ ಒಂದು ಅಂಕದಲ್ಲಿ ಅರ್ಧ ಎಕ್ಸ್‌ಚೇಂಜ್ ಕೋಡಿಗೆ, ಅರ್ಧ ದಿನಾಂಕದ ಪ್ರಶ್ನೆ ಕೇಳಲಾಗದ್ದಕ್ಕೆ. ಹೊಸದಾಗಿ ಶುರುಮಾಡುವವರು ತಮ್ಮ ಪೂರ್ತಿ ಪಟ್ಟಿಯನ್ನು ಎಸೆಯುವ ಮುಂಚೆ 15-17 ಕೋಡ್ ಆರಿಸಿ: ನಾಲ್ಕು ಸಾಮಾನ್ಯ ಷೇರು, ಎರಡು ಕರೆನ್ಸಿಯ ಒಂದು ಇಟಿಎಫ್, ಒಂದೆರಡು ಎಡಿಆರ್ (ವಿದೇಶಿ ಷೇರಿನ ಬದಲು ಅಮೆರಿಕದಲ್ಲಿ ಮಾರುವ ರಸೀದಿ) ಮತ್ತು ಅವುಗಳ ಮೂಲ ಷೇರು, ನಾಲ್ಕು ಬಾಂಡ್, ಒಂದು ಆಪ್ಷನ್, ಈಚೆಗೆ ಹೆಸರು ಬದಲಿಸಿದ ಒಂದು ಕಂಪನಿ, ಬೇಕೆಂದೇ ಕೆಡಿಸಿದ ಎರಡು ಕೋಡ್. ಎಡಿಆರ್ ಮತ್ತು ಮೂಲ ಷೇರಿಗೆ ಷೇರ್ ಕ್ಲಾಸ್ ಫಿಗಿ ಬೇರೆ ಬೇರೆ ಬರಬೇಕು, ಬಾಂಡಿನ ಕಾಂಪೊಸಿಟ್ ಖಾಲಿ ಇರಬೇಕು, ಕೆಡಿಸಿದ ಎರಡೂ ತಮ್ಮ ತಮ್ಮ ಜಾಗದಲ್ಲೇ ಖಾಲಿ ಕೂತಿರಬೇಕು. ಇದರಲ್ಲಿ ಒಂದು ತಪ್ಪಿದರೂ ಮೊದಲು ನೋಡಬೇಕಾದದ್ದು ನಿಮ್ಮ ಜಾಯಿನ್.